ಉಳಿದುಹೋದ 55 ಪುಟ

ಈ ಕಾಗದ ಕೈಗೆ ಬಂದಾಗ ನಾನು ಬೇರೊಂದು ಪತ್ರಕ್ಕೆ ಉತ್ತರ ಬರೆದು ಮುಗಿಸಿದ್ದೆ. ಅತ್ತೆಯ ಅವಲಕ್ಕಿ ಸರ ಹಿರಿಸೊಸೆಗೋ ಕಿರಿಸೊಸೆಗೋ ಎಂಬ ಆ ಜಗಳ ಇನ್ನೊಂದು ವಾರ ಕಾಯಬಹುದು, ಚಿನ್ನ ಹಳಸುವುದಿಲ್ಲ. ದಾವಣಗೆರೆ ಜಿಲ್ಲೆಯಿಂದ ‘ಒಬ್ಬ ಓದುಗಿತ್ತಿ’ ಎಂದಷ್ಟೇ ಸಹಿ ಹಾಕಿ ಬಂದಿರುವ ಈ ನಾಲ್ಕು ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕನಿಕರ ಇತ್ತು, ನಿಜ. ಆದರೆ ನಿದ್ದೆ ಕೆಡಿಸಿದ್ದು ಸಿಟ್ಟು. ಅದರಲ್ಲಿ ಒಂದು ಪಾಲು ನಿಮ್ಮ ಮೇಲೂ ಇದೆ, ಬೇಸರ ಮಾಡಿಕೊಳ್ಳಬೇಡಿ.

ಸಂಗತಿ ಇಷ್ಟು. ನಿಮಗೆ 41 ವರ್ಷ, ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೀರಿ. ಹೈಸ್ಕೂಲಿನಿಂದಲೂ ಜೊತೆಗಿರುವ ಗೆಳತಿ ಎರಡು ವರ್ಷದ ಹಿಂದೆ ನಿಮ್ಮನ್ನು ವಾಟ್ಸ್‌ಆ್ಯಪ್‌ನ ಓದುಗರ ಬಳಗವೊಂದಕ್ಕೆ ಸೇರಿಸಿದರು. 86 ಮಂದಿ, ತಿಂಗಳಿಗೊಂದು ಕನ್ನಡ ಕಾದಂಬರಿ, ಕೊನೆಯ ಭಾನುವಾರ ಸಂಜೆ ವಿಡಿಯೊ ಸಭೆ. ಇಷ್ಟು ದಿನ ನೀವು ಬರೆದದ್ದೆಲ್ಲ ‘ಚೆನ್ನಾಗಿದೆ’, ‘ಕಣ್ಣು ತುಂಬಿ ಬಂತು’, ಅಷ್ಟೇ. ಕಳೆದ ತಿಂಗಳು ಮೊದಲ ಸಲ ಮನಸ್ಸಿನಲ್ಲಿದ್ದದ್ದನ್ನು ಬರೆದಿರಿ: ಈ ಮನೆಯಲ್ಲಿ ಎಲ್ಲರೂ ಮಾತನಾಡುತ್ತಾರೆ, ಸೊಸೆ ಮಾತ್ರ ಕಾಫಿ ತರುತ್ತಾಳೆ, ಲೇಖಕರಿಗೆ ಅವಳ ಕೈ ಕಾಣಿಸಿದೆ, ಬಾಯಿ ಕಾಣಿಸಿಲ್ಲ. ಕೊನೆಗೆ ಎಂದಿನಂತೆ, ‘ನಾನು ಸಾಮಾನ್ಯ ಓದುಗಿತ್ತಿ, ತಪ್ಪಿದ್ದರೆ ಕ್ಷಮಿಸಿ.’ ಆ ಲೇಖಕರು ಅದೇ ಬಳಗದಲ್ಲಿ ಸದ್ದಿಲ್ಲದೆ ಕುಳಿತಿದ್ದರು. ಮರುದಿನ ಬೆಳಿಗ್ಗೆ ನಿಮ್ಮ ಹೆಸರೆತ್ತದೆ ಒಂದು ಸಾಲು ಹಾಕಿದರು: ಧಾರಾವಾಹಿಯ ಅಭಿರುಚಿಯವರಿಗೆ ಕಾದಂಬರಿ ದಕ್ಕುವುದು ಕಷ್ಟ. ಮಧ್ಯಾಹ್ನದೊಳಗೆ ಅದರ ಕೆಳಗೆ 31 ಹೆಬ್ಬೆರಳುಗಳು. ಅವುಗಳಲ್ಲಿ ಒಂದು ನಿಮ್ಮ ಗೆಳತಿಯದು. ಈಗ ಆಕೆ, ಬರೆದದ್ದನ್ನು ಅಳಿಸಿ ಅವರಲ್ಲಿ ಕ್ಷಮೆ ಕೇಳು ಎನ್ನುತ್ತಿದ್ದಾರೆ. ಕ್ಷಮೆ ಕೇಳಲೇ, ಬಳಗ ಬಿಡಲೇ ಎಂದು ನೀವು ನನ್ನನ್ನು ಕೇಳುತ್ತಿದ್ದೀರಿ.

‘ಕೈ ಕಾಣಿಸಿದೆ, ಬಾಯಿ ಕಾಣಿಸಿಲ್ಲ.’ ಈ ಮಾತನ್ನು ನಾನು ಅಡುಗೆಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಹೇಳಿಕೊಂಡೆ. ಕಾದಂಬರಿಗಳ ಬೆನ್ನುಪುಟದಲ್ಲಿ ‘ಮಣ್ಣಿನ ಸೊಗಡು’, ‘ಬದುಕಿನ ಬನಿ’ ಎಂದೆಲ್ಲ ಬರೆಯುವ ದೊಡ್ಡವರು ಹತ್ತು ವರ್ಷದಲ್ಲಿ ಇಂಥದ್ದೊಂದು ಸಾಲು ಬರೆದದ್ದನ್ನು ನಾನು ಕಂಡಿಲ್ಲ. ಸಾಮಾನ್ಯ ಓದುಗಿತ್ತಿಯಂತೆ! ಲೆಕ್ಕದ ಪುಸ್ತಕಕ್ಕೆ ಸಹಿ ಹಾಕುವಾಗ ಕೆಳಗೆ ‘ತಪ್ಪಿದ್ದರೆ ಕ್ಷಮಿಸಿ’ ಎಂದು ಬರೆಯುತ್ತೀರಾ?

ಇಷ್ಟು ಹೊಗಳಿದ ಮೇಲೆ ಮೂರನೆಯ ಪುಟದ ಅಡಿಗೆ ಬರುತ್ತೇನೆ. ಅಲ್ಲಿ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ, ಮನೆಯ ನೀರಿನ ಮೋಟಾರು ಕೆಟ್ಟದ್ದು, ಇವುಗಳ ನಡುವೆ ಒಂದು ಅರ್ಧ ವಾಕ್ಯವನ್ನು ತುರುಕಿದ್ದೀರಿ: ‘ಕೊನೆಯ 55 ಪುಟ ಉಳಿದುಹೋಗಿತ್ತು, ಆದರೂ ಅಷ್ಟರಲ್ಲಿ ಏನು ಬದಲಾಗುತ್ತದೆ ಎಂದು ಬರೆದುಬಿಟ್ಟೆ.’ ಮುಂದಿನ ಸಾಲಿನಲ್ಲಿ ಮತ್ತೆ ಹೆಬ್ಬೆರಳುಗಳ ಎಣಿಕೆ. ಲೆಕ್ಕ ಬರೆಯುವವರು ನೀವು. ಮಾರ್ಚ್ ತಿಂಗಳ ಚೀಟಿಗಳನ್ನು ನೋಡದೆಯೇ ವರ್ಷದ ಲಾಭನಷ್ಟ ತೆಗೆದರೆ ಸಂಘದಲ್ಲಿ ನಿಮ್ಮನ್ನು ಏನೆನ್ನುತ್ತಾರೆ?

ಅಷ್ಟರಲ್ಲಿ ಏನು ಬದಲಾಗುತ್ತದೆ ಎಂದು ಕೇಳಿದ್ದೀರಿ. ತ್ರಿವೇಣಿಯವರ ‘ಶರಪಂಜರ’ವನ್ನು ನೀವು ಓದಿಯೇ ಇರುತ್ತೀರಿ. ಓದದವರೂ 1971ರಲ್ಲಿ ಬಂದ ಪುಟ್ಟಣ್ಣ ಕಣಗಾಲರ ಸಿನಿಮಾದಿಂದ ಕಾವೇರಿಯನ್ನು ಬಲ್ಲರು. ಹೆರಿಗೆಯ ನಂತರ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳಲ್ಲ, ಅಲ್ಲಿಗೆ ಪುಸ್ತಕ ಮುಚ್ಚಿಟ್ಟವರಿಗೆ ಅದು ಕಾಯಿಲೆ ವಾಸಿಯಾದ ಕಥೆ. ಮುಂದಕ್ಕೆ ಓದಿದವರ ಕೈಗೆ ಬೇರೆಯೇ ಕಾದಂಬರಿ ಸಿಗುತ್ತದೆ: ಗುಣವಾದವಳನ್ನು ಗುಣವಾದವಳೆಂದು ನಂಬದ ಮನೆ, ಅವಳ ಪ್ರತಿ ಮಾತಿನಲ್ಲೂ ಹುಚ್ಚನ್ನು ಹುಡುಕುವ ಕಣ್ಣುಗಳು, ಗಂಡನ ಬಗ್ಗೆ ತಿಳಿದುಬರುವ ಸತ್ಯ, ಮತ್ತೆ ಆಸ್ಪತ್ರೆ. ಮಧ್ಯದಲ್ಲಿ ನಿಂತವರು ರೋಗ ಕಾವೇರಿಯದು ಎಂದುಕೊಳ್ಳುತ್ತಾರೆ. ತ್ರಿವೇಣಿ 1963ರಲ್ಲಿ, ಮೂವತ್ತರ ನಡುವಯಸ್ಸಿನಲ್ಲೇ ತೀರಿಕೊಂಡರು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಆಕೆಗೆ ಈ ಕೊನೆ ಬರೆಯುವ ಎದೆಗಾರಿಕೆ ಇತ್ತು. ನಮಗೆ ಓದುವ ತಾಳ್ಮೆ ಬೇಡವೇ?

ಇನ್ನೊಂದು ನೆನಪು, ಇದು ನಗುವಂಥದ್ದು. ನಮ್ಮ ಕಾಲೇಜಿನಲ್ಲಿ ಯು.ಆರ್. ಅನಂತಮೂರ್ತಿಯವರ 1965ರ ಕಾದಂಬರಿ ‘ಸಂಸ್ಕಾರ’ದ ಬಗ್ಗೆ ಚರ್ಚೆ ಇಟ್ಟಿದ್ದರು. ಒಬ್ಬ ಹುಡುಗ ಎದ್ದು ನಿಂತು, ಪ್ರಾಣೇಶಾಚಾರ್ಯರು ಅಗ್ರಹಾರಕ್ಕೆ ಮರಳಿ ಎಲ್ಲರೆದುರು ಎಲ್ಲವನ್ನೂ ಒಪ್ಪಿಕೊಳ್ಳುವ ದೃಶ್ಯ ಹೇಗೆ ಮೈ ನಡುಗಿಸುತ್ತದೆ ಎಂದು ಕೈಬೀಸಿ ಮಾತನಾಡಿದ. ಅಂಥ ದೃಶ್ಯ ಆ ಕಾದಂಬರಿಯಲ್ಲಿ ಇಲ್ಲವೇ ಇಲ್ಲ. ಆಚಾರ್ಯರು ಊರಿನ ಕಡೆಗೆ ಗಾಡಿ ಹತ್ತುತ್ತಾರೆ, ಕಾದಂಬರಿ ಅಲ್ಲಿಗೆ ನಿಲ್ಲುತ್ತದೆ. ಹೋಗಿ ಏನು ಹೇಳಿದರು ಎಂಬುದು ಓದಿದವರ ಪಾಲಿಗೆ ಬಿಟ್ಟದ್ದು. ಆ ಹುಡುಗನಿಗೆ ಚರ್ಚೆಯಲ್ಲಿ ಎರಡನೆಯ ಬಹುಮಾನ ಬಂತು. ತೀರ್ಪುಗಾರರೂ ಕೊನೆಯ ಪುಟ ಓದಿರಲಿಲ್ಲವೇನೋ ಎಂಬ ಅನುಮಾನ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ನೀವು ಕಾದಂಬರಿಯ ಹೆಸರನ್ನು ಬರೆದಿದ್ದೀರಿ. ಇಲ್ಲಿ ಅಚ್ಚು ಹಾಕುವುದಿಲ್ಲ. ನಾನು ಅದನ್ನು ಓದಿಲ್ಲ. ಆದ್ದರಿಂದ ಆ ಸೊಸೆ 55 ಪುಟಗಳಲ್ಲಿ ಎಲ್ಲೋ ಒಂದು ಕಡೆ ಲೋಟ ಕೆಳಗಿಟ್ಟು ಬಾಯಿ ತೆರೆಯುತ್ತಾಳೋ, ಕೊನೆಯವರೆಗೂ ಕಾಫಿ ಸೋಸುತ್ತಲೇ ಇರುತ್ತಾಳೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಅವಳು ಮಾತನಾಡಿದ್ದರೆ ನಿಮ್ಮ ಆ ಚಂದದ ಸಾಲು ಬಿದ್ದುಹೋಗುತ್ತದೆ. ಮಾತನಾಡದಿದ್ದರೆ ಅದಕ್ಕೆ ಎರಡರಷ್ಟು ಬಲ ಬರುತ್ತದೆ. ಎರಡರಲ್ಲಿ ಯಾವುದು ಎಂದು ತಿಳಿಯದೆ ಮೂರು ವಾರ ನೀವು ಹೇಗೆ ಇದ್ದೀರಿ? ನನಗೆ ಅರ್ಥವಾಗದಿರುವುದು ಇದೊಂದೇ.

ಪೂರ್ತಿ ಓದದೆ ಬಾಯಿ ತೆರೆಯಲೇಬಾರದು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನನ್ನ ಅಮ್ಮನಿಗೇ ಅನ್ಯಾಯ ಮಾಡಿದಂತೆ. ತಿಪಟೂರಿನಲ್ಲಿ ನಾವಿದ್ದ ವಠಾರದ ನಾಲ್ಕು ಮನೆಗಳಿಗೆ ಒಂದೇ ‘ಸುಧಾ’ ಬರುತ್ತಿತ್ತು, ಕಾಸು ಪಾಲು ಹಾಕಿ. ಆ ವಾರಪತ್ರಿಕೆ 1965ರಲ್ಲಿ ಶುರುವಾದದ್ದು. ನಮ್ಮ ವಠಾರಕ್ಕೆ ಬರುವ ಹೊತ್ತಿಗೆ ನಾನು ಮೂರನೆಯ ತರಗತಿ. ನಾಲ್ವರು ಹೆಂಗಸರು ಸರದಿಯಲ್ಲಿ ಓದಿ, ಸಂಜೆ ಹೂ ಕಟ್ಟುತ್ತ ಆ ವಾರದ ಕಂತಿನ ಮೇಲೆ ಯುದ್ಧ ಮಾಡುತ್ತಿದ್ದರು. ಕಾದಂಬರಿ ಇನ್ನೂ ಅರ್ಧಕ್ಕೂ ಬಂದಿರುತ್ತಿರಲಿಲ್ಲ, ಆದರೂ ನಾಯಕ ಯೋಗ್ಯನೋ ಅಯೋಗ್ಯನೋ ಎಂದು ತೀರ್ಮಾನವಾಗುತ್ತಿತ್ತು. ಆದರೆ ಪ್ರತಿ ತೀರ್ಮಾನಕ್ಕೂ ಒಂದು ಬಾಲ ಇರುತ್ತಿತ್ತು: ‘ಈ ವಾರದ ಮಟ್ಟಿಗೆ.’ ಕೊನೆಯಲ್ಲಿ ಅಮ್ಮ ಆ ಪುಟಗಳನ್ನೆಲ್ಲ ಕಿತ್ತು, ದಬ್ಬಳದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿ ಪುಸ್ತಕ ಮಾಡುತ್ತಿದ್ದಳು. ಒಂದು ಕಾದಂಬರಿಯ ಹದಿನೇಳನೆಯ ಕಂತು ಮಾತ್ರ ಪಕ್ಕದ ಮನೆಯ ಹಪ್ಪಳದ ಡಬ್ಬದ ತಳಕ್ಕೆ ಹೋಗಿಬಿಟ್ಟಿತ್ತು. ಅಮ್ಮ ಬದುಕಿರುವವರೆಗೆ ಆ ಕಾದಂಬರಿಯ ಮಾತು ಬಂದಾಗಲೆಲ್ಲ, ‘ಹದಿನೇಳನೇ ಕಂತು ನಾನು ಓದಿಲ್ಲ, ಅದನ್ನು ಬಿಟ್ಟು ಹೇಳುತ್ತೇನೆ’ ಎಂದೇ ಶುರುಮಾಡುತ್ತಿದ್ದಳು. ಏಳನೆಯ ತರಗತಿ ಓದಿದವಳು. ಯಾರಲ್ಲೂ ‘ತಪ್ಪಿದ್ದರೆ ಕ್ಷಮಿಸಿ’ ಎನ್ನಲಿಲ್ಲ. ತಾನು ಓದದ್ದು ಎಷ್ಟು ಎಂದು ಮೊದಲೇ ಹೇಳಿಬಿಟ್ಟವಳಿಗೆ ಅದರ ಅಗತ್ಯ ಬೀಳುತ್ತಿರಲಿಲ್ಲ.

ಇದೇ ಉಸಿರಿನಲ್ಲಿ ಲೇಖಕ ಮಹಾಶಯರಿಗೆ ಎರಡು ಮಾತು. ‘ಧಾರಾವಾಹಿ’ಯನ್ನು ಬೈಗುಳದಂತೆ ಬಳಸಿದ್ದೀರಿ. ಕನ್ನಡದ ಎಷ್ಟೋ ಮನೆಗಳಿಗೆ ಕಾದಂಬರಿ ಎಂಬುದು ಕಾಲಿಟ್ಟದ್ದೇ ವಾರಪತ್ರಿಕೆಯ ಧಾರಾವಾಹಿಯಾಗಿ. ಹೂ ಕಟ್ಟುತ್ತ ಜಗಳವಾಡಿದ ಆ ಹೆಂಗಸರು ಇಲ್ಲದಿದ್ದರೆ ಇಂದು ನಿಮ್ಮ ಪುಸ್ತಕ ಕೊಳ್ಳುವ ಮಗಳು, ಸೊಸೆ ಯಾರೂ ಇರುತ್ತಿರಲಿಲ್ಲ. ಹಳೆಯ ತಲೆಮಾರಿನ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂದು ನಾವೆಲ್ಲ ಓದಿಕೊಂಡು ಬೆಳೆದಿದ್ದೇವೆ. ಓದುಗರ ಮನೆ ಬಾಗಿಲಿಗೆ ಹೋದವರು ಅವರು, ಮುಖ ತೋರಿಸಿ ಹೋದವರು. ನೀವು ಓದುಗರ ಜಗಲಿಯಲ್ಲಿ ಕಂಬದ ಹಿಂದೆ ಕುಳಿತಿರಿ. ನಾನು ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಬೇಸರವಾದರೂ ಮತ್ತೆ ಹೇಳುತ್ತೇನೆ: ಓದುಗರ ಬಳಗದಲ್ಲಿ ಲೇಖಕರು ಇರಬಾರದು. ಕರೆದಾಗ ಬರಲಿ, ಒಂದು ಗಂಟೆ ಮಾತನಾಡಲಿ, ಕಾಫಿ ಕುಡಿದು ಹೊರಡಲಿ. ಇಷ್ಟಾಗಿಯೂ ನನಗೆ ಅವರ ಮೇಲೆ ಸಿಟ್ಟು ಕಡಿಮೆಯೇ. ವರ್ಷಗಟ್ಟಲೆ ಕೂತು ಬರೆದ ಪುಸ್ತಕ. ಅದನ್ನು ಪೂರ್ತಿ ಓದದವರು ತೀರ್ಪು ಕೊಟ್ಟದ್ದು ಗೊತ್ತಾಗಿದ್ದರೆ ಅವರು ಇನ್ನೂ ಕೆಟ್ಟದ್ದನ್ನು ಬರೆಯುತ್ತಿದ್ದರು, ಬರೆಯುವ ಹಕ್ಕೂ ಇರುತ್ತಿತ್ತು.

ನನ್ನ ನಿದ್ದೆ ಕೆಡಿಸಿದವರು ನಿಮ್ಮ ಗೆಳತಿ. ನೀವು ಆಕೆಯನ್ನು ಎಷ್ಟು ಮೃದುವಾಗಿ ದಾಟಿಸಿದ್ದೀರಿ! ‘ಹಾಕುವ ಮೊದಲು ಅವಳಿಗೆ ಓದಿ ಹೇಳಿದ್ದೆ, ನನಗೂ ಹಾಗೇ ಅನ್ನಿಸಿತು, ಧೈರ್ಯವಾಗಿ ಹಾಕು ಎಂದಳು’ ಎಂದು ಬರೆದು, ಕಂಸದಲ್ಲಿ ‘ಪಾಪ, ಅವಳ ಶಾಲೆಯ ವಾರ್ಷಿಕೋತ್ಸವಕ್ಕೆ ಆ ಲೇಖಕರೇ ಅತಿಥಿ’ ಎಂದು ಸೇರಿಸಿದ್ದೀರಿ. ಏನು ಪಾಪ? ಫೋನಿನಲ್ಲಿ ನಿಮ್ಮ ಮಾತು, ಬಳಗದಲ್ಲಿ ಅವರ ಮಾತು. ಹಿಂದೆ ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು, ಸಾಲದ ಪತ್ರದಲ್ಲಿ ಏನಿದೆ ಎಂದು ತಿಳಿಯದೆ. ಈಗ ಬಿ.ಎಡ್. ಮಾಡಿದವರು ಒತ್ತುತ್ತಾರೆ, ಎಲ್ಲ ತಿಳಿದೂ. ಉಳಿದ 30 ಮಂದಿ ನಿಮ್ಮನ್ನು ಬಲ್ಲವರಲ್ಲ, ಅವರನ್ನು ಮರೆಯಿರಿ. ಈ ಒಂದು ಹೆಬ್ಬೆಟ್ಟು ಮಾತ್ರ ನಿಮ್ಮ ಪತ್ರದ ನಾಲ್ಕೂ ಪುಟಗಳ ಮೇಲೆ ಒತ್ತಿಕೊಂಡಿದೆ. ಲೇಖಕರ ಸಾಲಿಗಿಂತ ಹೆಚ್ಚು ನೋಯಿಸಿದ್ದು ಅದೇ ಎಂದು ಬರೆಯಲು ನಿಮಗೆ ಧೈರ್ಯ ಬಂದಿಲ್ಲ, ಅಷ್ಟೇ. ಆಕೆಯೊಡನೆ ಮಾತು ಬಿಡಿ ಎನ್ನುವುದಿಲ್ಲ, ಮೂವತ್ತು ವರ್ಷದ ಸ್ನೇಹ. ಆದರೆ ಇನ್ನು ಮುಂದೆ ಏನು ಬರೆಯಬೇಕು, ಏನು ಅಳಿಸಬೇಕು ಎಂದು ಆಕೆಯನ್ನು ಕೇಳಬೇಡಿ. ಅಂದೇ ಅಳಿಸಿದ್ದರೂ ‘ಸಂದೇಶ ಅಳಿಸಲಾಗಿದೆ’ ಎಂಬ ಗುರುತು ಅಲ್ಲೇ ಕೂತಿರುತ್ತಿತ್ತು, ಮಾಯದ ಗಾಯದ ಹಾಗೆ.

ಕ್ಷಮೆ ಕೇಳುವುದು, ಬಳಗ ಬಿಡುವುದು ಎರಡನ್ನೂ ಬದಿಗಿಡಿ. ಮಾಡಬೇಕಾದದ್ದು ಒಂದೇ. ಮಗಳ ಪರೀಕ್ಷೆ ಮುಗಿದಿದೆ, ಮೋಟಾರು ರಿಪೇರಿಯಾಗಿದೆ, ನೀವೇ ಬರೆದಿದ್ದೀರಿ. ಇಂದು ರಾತ್ರಿ ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಟ್ಟು ಆ 55 ಪುಟ ಓದಿ. ಓದಿ ಮುಗಿಸಿ ಬಳಗದಲ್ಲಿ ನಾಲ್ಕು ಸಾಲು ಬರೆಯಿರಿ. ಮೊದಲ ಸಾಲು: ಹಿಂದಿನ ಅಭಿಪ್ರಾಯ ಬರೆದಾಗ ಕೊನೆಯ 55 ಪುಟ ಓದಿರಲಿಲ್ಲ, ಈಗ ಓದಿದ್ದೇನೆ. ಉಳಿದ ಮೂರು ಸಾಲು ಪುಸ್ತಕವೇ ಬರೆಯಿಸುತ್ತದೆ. ಅಭಿಪ್ರಾಯ ಬದಲಾಗಿದ್ದರೆ ಹಾಗೆಂದು ಬರೆಯಿರಿ, ಬದಲಾಗದಿದ್ದರೆ ಆ ಕೈ ಮತ್ತು ಬಾಯಿಯ ಸಾಲನ್ನು ಒಂದಕ್ಷರ ಕದಲಿಸದೆ ಮತ್ತೆ ಹಾಕಿ. ನಾನು ಆ ಪುಸ್ತಕ ತರಿಸಲು ಗ್ರಂಥಾಲಯಕ್ಕೆ ಹೇಳಿಟ್ಟಿದ್ದೇನೆ, ಬರಲು ಹದಿನೈದು ದಿನ ಹಿಡಿಯುತ್ತದಂತೆ. ಸೊಸೆ ಮಾತನಾಡಿದಳೇ ಎಂದು ನನಗೆ ಈಗಲೇ ಹೇಳಬೇಡಿ.