ಅಮ್ಮ, ಮಗಳಿಗೆ ಸೇರಿ ಒಂದು ಕಾರು: ಕಡಿಮೆ ಖರ್ಚಿನದು ಯಾವುದು?

ಪ್ರಶ್ನೆ: ನಾನು ಶಿವಮೊಗ್ಗದ ಹೊರವಲಯದ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಮನೆಯಲ್ಲಿ ಈಗಾಗಲೇ ಒಂದು ದೊಡ್ಡ ಡೀಸೆಲ್ ಗಾಡಿಯಿದ್ದು, ಯಜಮಾನರು ಅದನ್ನು ಅಡಿಕೆ ತೋಟಕ್ಕೂ ಮಂಡಿಗೂ ಓಡಿಸುತ್ತಾರೆ. ನನಗೆ ಹಲವು ವರ್ಷಗಳಿಂದ ಲೈಸೆನ್ಸ್ ಇದ್ದರೂ ಆ ಗಾಡಿಯನ್ನು ಪೇಟೆಯೊಳಗೆ ತಿರುಗಿಸಲು ಧೈರ್ಯ ಸಾಲದು. ಹತ್ತೊಂಬತ್ತು ವರ್ಷದ ಮಗಳು ಕಳೆದ ತಿಂಗಳಷ್ಟೇ ಲೈಸೆನ್ಸ್ ಪಡೆದಿದ್ದಾಳೆ. ನಾವಿಬ್ಬರೂ ಹಂಚಿಕೊಂಡು ಓಡಿಸಲು ಕಡಿಮೆ ಖರ್ಚಿನ ಎರಡನೆಯ ಕಾರೊಂದು ಬೇಕಾಗಿದೆ. ತಿಂಗಳಿಗೆ 500 ಕಿಲೋಮೀಟರ್ ಓಡಬಹುದು. ಕೈಯಲ್ಲಿ ನಾಲ್ಕೂವರೆ ಲಕ್ಷ ರೂಪಾಯಿ ಇದೆ. ಯಜಮಾನರು ಹೊಸ ಆಲ್ಟೊ ಕೆ10 ಕೊಳ್ಳೋಣ ಎನ್ನುತ್ತಾರೆ. ದೆಹಲಿಯಲ್ಲಿರುವ ಮೈದುನ, ಅಲ್ಲಿ ಅಗ್ಗವಾಗಿ ಸಿಗುವ ಡೀಸೆಲ್ ಕಾರು ಕಳುಹಿಸಿಕೊಡುತ್ತೇನೆ ಎನ್ನುತ್ತಾನೆ. ಮಗಳಿಗೆ ಗೇರ್ ಹಾಕುವ ರಗಳೆಯಿಲ್ಲದ ಆಟೊಮ್ಯಾಟಿಕ್ ಬೇಕಂತೆ. ಯಾರ ಮಾತು ಕೇಳಲಿ?
ಓದುಗರು, ಶಿವಮೊಗ್ಗ

ಉತ್ತರ: ತಿಂಗಳಿಗೆ 500 ಕಿಲೋಮೀಟರ್ ಎಂದು ನೀವು ಬರೆದಿರುವುದರಲ್ಲೇ ಅರ್ಧ ಉತ್ತರವಿದೆ. ಲೀಟರಿಗೆ 18 ಕಿಲೋಮೀಟರ್ ಕೊಡುವ ಕಾರು ಅಷ್ಟು ದೂರಕ್ಕೆ ಸುಮಾರು 28 ಲೀಟರ್ ಪೆಟ್ರೋಲ್ ಕುಡಿದರೆ, 22 ಕೊಡುವ ಕಾರು ಸುಮಾರು 23 ಲೀಟರ್ ಕುಡಿಯುತ್ತದೆ. ಲೀಟರಿಗೆ 103 ರೂಪಾಯಿ ಎಂದು ಹಿಡಿದರೂ ಎರಡರ ನಡುವಿನ ಅಂತರ ತಿಂಗಳಿಗೆ ಐನೂರು ರೂಪಾಯಿಯ ಆಸುಪಾಸು. ಗೇಟಿನ ಕಂಬಕ್ಕೆ ಒಂದು ಬಾರಿ ಒರೆಸಿ, ಬಂಪರ್‌ಗೆ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದರೆ ಹಲವು ತಿಂಗಳ ಆ ಉಳಿತಾಯ ಗ್ಯಾರೇಜಿನವನ ಪಾಲಾಗುತ್ತದೆ. ಆದ್ದರಿಂದ ಹೊಸದಾಗಿ ಕಲಿತವರ ಕೈಗೂ ಹೋಗುವ ಕಾರಿನಲ್ಲಿ ಮೈಲೇಜನ್ನು ಮೊದಲ ಸಾಲಿನಲ್ಲಿಟ್ಟು ಹುಡುಕುವುದು ನನ್ನ ದೃಷ್ಟಿಯಲ್ಲಿ ತಪ್ಪು ಲೆಕ್ಕ. ಬಿಡಿಭಾಗಗಳು ಅಗ್ಗವಾಗಿ ನಿಮ್ಮೂರಿನಲ್ಲೇ ಸಿಗುವಂಥ, ಮೈಮೇಲೆ ಗೀರು ಬಿದ್ದರೆ ಮನೆಯಲ್ಲಿ ಯಾರೂ ಊಟ ಬಿಡದಂಥ, ಆದರೆ ಅಪಘಾತದಲ್ಲಿ ಒಳಗಿದ್ದವರನ್ನು ಕಾಯುವಂಥ ಕಾರು ನಿಮಗೆ ಮಿತವ್ಯಯದ ಕಾರು.

ಮೈದುನರ ಸಲಹೆಯನ್ನು ನಯವಾಗಿ ನಿರಾಕರಿಸಿ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ 2015ರಿಂದಲೂ ನಿರ್ಬಂಧದ ಕತ್ತಿ ತೂಗುತ್ತಿರುವುದರಿಂದಲೇ ಅಲ್ಲಿ ಅವು ಅಗ್ಗ. ಹೊರರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಅಲ್ಲಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ತಂದು, ಕರ್ನಾಟಕದ ಆಜೀವ ತೆರಿಗೆಯನ್ನು ಗಾಡಿಯ ವಯಸ್ಸಿಗೆ ತಕ್ಕಂತೆ ಕಟ್ಟಿ, ಇಲ್ಲಿನ ನಂಬರ್ ಪಡೆಯಬೇಕಾಗುತ್ತದೆ. ಅಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗ ವಾಪಸ್ ಬೇಕೆಂದರೆ ಅಲ್ಲಿನ ಕಚೇರಿಗೇ ಅರ್ಜಿ ಹಾಕಬೇಕು. ಹೊಗೆ ನಿಯಂತ್ರಣದ ಹೊಸ ಮಾನದಂಡವಾದ ಬಿಎಸ್6ರ ಡೀಸೆಲ್ ಆದರೆ ಇನ್ನೊಂದು ತೊಡಕಿದೆ. ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿಮಾಡಿಕೊಳ್ಳಲು ಎಂಜಿನ್ ಸ್ವಲ್ಪ ಹೊತ್ತು ಬಿಸಿಯಾಗಿ ಒಂದೇ ಸಮನೆ ಓಡಬೇಕು. ಮನೆಯಿಂದ ಶಾಲೆಗೆ, ಶಾಲೆಯಿಂದ ಮಾರುಕಟ್ಟೆಗೆ ಓಡುವ ಕಾರಿಗೆ ಆ ಅವಕಾಶ ಸಿಗದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಯಜಮಾನರ ಮಾತನ್ನು ಹಾಗೆ ತಳ್ಳಿಹಾಕುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಚಿಕ್ಕದಾದ, 1200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದು, ಅದರ ಮೇಲಿದ್ದ ಸೆಸ್ ಕೂಡ ಹೋಗಿರುವುದರಿಂದ ಹೊಸ ಸಣ್ಣ ಕಾರು ಮತ್ತೆ ಕೈಗೆಟುಕುವಂತಾಗಿದೆ. ಆದರೆ ಶೋರೂಂ ಬೆಲೆಗೇ ಮಾತು ಮುಗಿಯುವುದಿಲ್ಲ. ಐದು ಲಕ್ಷದವರೆಗಿನ ಕಾರಿಗೆ ನಮ್ಮ ರಾಜ್ಯದ ಆಜೀವ ತೆರಿಗೆ ಶೇ 13. ಬೆಲೆ 3.70 ಲಕ್ಷ ಎಂದಿಟ್ಟುಕೊಂಡರೆ ತೆರಿಗೆಯೇ 48,100 ರೂಪಾಯಿ, ಅದಕ್ಕೆ ಉಪಕರ ಬೇರೆ. ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆಯನ್ನು (ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ) ಮೂರು ವರ್ಷಕ್ಕೆ ಒಟ್ಟಿಗೆ ಮಾಡಿಸುವುದು ಕಡ್ಡಾಯ. 1000 ಸಿಸಿ ಒಳಗಿನ ಕಾರಿಗೆ 2022ರಲ್ಲಿ ನಿಗದಿಯಾದ ದರ ಮೂರೂ ವರ್ಷಕ್ಕೆ ಸೇರಿ 6,521 ರೂಪಾಯಿ. ಸ್ವಂತ ಹಾನಿಯ ವಿಮೆ ಇದರ ಮೇಲೆ. ಇಷ್ಟೆಲ್ಲ ಸೇರಿದಾಗ ನಿಮ್ಮ ನಾಲ್ಕೂವರೆ ಲಕ್ಷಕ್ಕೆ ಕೆಳಹಂತದ ಮಾದರಿ ಮಾತ್ರ ದಕ್ಕುತ್ತದೆ. ಮಿಗಿಲಾಗಿ, ಕಲಿಕೆಯ ಮೊದಲ ವರ್ಷದ ಗೀರು, ತಗ್ಗುಗಳು ಹೊಸ ಕಾರಿನ ಮೇಲೇ ಬೀಳುತ್ತವೆ. ಮಗಳು ಪ್ರತಿ ಸಂಜೆ ಬಂಪರ್ ಪರೀಕ್ಷೆಗೆ ನಿಲ್ಲಬೇಕಾದ ಮನೆಯಲ್ಲಿ ಅವಳಿಗೆ ಚಾಲನೆಯ ಆತ್ಮವಿಶ್ವಾಸ ಬರುವುದು ಕಷ್ಟ.

ಹಾಗಾಗಿ ಮೂರ್ನಾಲ್ಕು ವರ್ಷ ಹಳೆಯ, ಒಬ್ಬರೇ ಮಾಲೀಕರು ಓಡಿಸಿದ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಹುಡುಕಿ. ವರ್ಷದ ಆಯ್ಕೆಯಲ್ಲಿ ರಾಜಿ ಬೇಡ: ಗಟ್ಟಿಯಾಗಿ ಒತ್ತಿದಾಗಲೂ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬ್ರೇಕ್ 2019ರ ಏಪ್ರಿಲ್‌ನಿಂದ, ಹಿಂದಕ್ಕೆ ತೆಗೆಯುವಾಗ ಕೂಗುವ ಪಾರ್ಕಿಂಗ್ ಸೆನ್ಸರ್ ಅದೇ ವರ್ಷದ ಜುಲೈನಿಂದ ಕಡ್ಡಾಯವಾದವು. ಚಾಲಕರ ಪಕ್ಕದವರಿಗೂ ಏರ್‌ಬ್ಯಾಗ್ ಇರಲೇಬೇಕೆಂಬ ನಿಯಮ ಎಲ್ಲ ಮಾದರಿಗಳಿಗೂ ಅನ್ವಯವಾದದ್ದು 2021ರ ಕೊನೆಗೆ. ಮೊದಲ ಕೆಲವು ತಿಂಗಳು ಆ ಪಕ್ಕದ ಸೀಟಿನಲ್ಲಿ ಕೂರುವವರು ನೀವೇ ಆದ್ದರಿಂದ 2022 ಅಥವಾ ಆನಂತರ ತಯಾರಾದ ಕಾರನ್ನೇ ಕೊಳ್ಳಿ.

ಮಾದರಿಯ ಹೆಸರು ಹೇಳಲೇಬೇಕೆಂದರೆ ನನ್ನ ಮೊದಲ ಆಯ್ಕೆ ಟಾಟಾ ಟಿಯಾಗೊ. 2020ರಲ್ಲಿ ಗ್ಲೋಬಲ್ ಎನ್‌ಸಿಎಪಿ ನಡೆಸಿದ ಅಪಘಾತ ಪರೀಕ್ಷೆಯಲ್ಲಿ ಅದಕ್ಕೆ ದೊಡ್ಡವರ ಸುರಕ್ಷತೆಯಲ್ಲಿ ಐದರಲ್ಲಿ ನಾಲ್ಕು ತಾರೆ ಬಂದಿದ್ದವು. 2023ರಲ್ಲಿ ಅದೇ ಸಂಸ್ಥೆ ಪರೀಕ್ಷಿಸಿದಾಗ ಆಲ್ಟೊ ಕೆ10ಕ್ಕೆ ಎರಡು, ವ್ಯಾಗನ್‌ಆರ್‌ಗೆ ಒಂದು ತಾರೆ ಬಂತು. ಈಗ ಹೊಸ ಆಲ್ಟೊಗೆ ಆರು ಏರ್‌ಬ್ಯಾಗ್ ಕೊಡುತ್ತಿದ್ದಾರೆ ಎಂಬುದು ನಿಜ. ಆದರೆ ನೀವು ನೋಡುವ ಹಳೆಯ ಕಾರುಗಳಲ್ಲಿ ಅವು ಇರುವುದಿಲ್ಲ. ಇಷ್ಟಾಗಿಯೂ ವ್ಯಾಗನ್‌ಆರ್ ಪರವಾಗಿ ಒಂದು ಮಾತು ಹೇಳಬೇಕು. ಎತ್ತರದ ಸೀಟಿನಿಂದಾಗಿ ಮಂಡಿನೋವಿನವರಿಗೂ ಹತ್ತಿ ಇಳಿಯುವುದು ಸುಲಭ, ರಸ್ತೆ ಚೆನ್ನಾಗಿ ಕಾಣುತ್ತದೆ, ಯಾವ ಊರಿನ ಮೆಕ್ಯಾನಿಕ್‌ಗೂ ಅದು ಪರಿಚಿತ. ಓಡಾಟ ಪೂರ್ತಿ ಪೇಟೆಯೊಳಗೇ ಇದ್ದರೆ ಅದನ್ನೂ ನೋಡಬಹುದು. ಶಾಲೆಯ ದಾರಿ ಹೆದ್ದಾರಿಯಲ್ಲಿ ಹಾದುಹೋಗುವುದಾದರೆ ಟಿಯಾಗೊವನ್ನೇ ಆರಿಸಿಕೊಳ್ಳಿ.

ಇನ್ನು ಮಗಳ ಬೇಡಿಕೆ. ಈ ಬೆಲೆಯಲ್ಲಿ ಸಿಗುವ ಆಟೊಮ್ಯಾಟಿಕ್ ಎಂದರೆ ಬಹುತೇಕ ಎಎಂಟಿ. ಅದರೊಳಗೂ ಕ್ಲಚ್ ಪ್ಲೇಟ್ ಇರುತ್ತದೆ. ಅದನ್ನು ಕಾಲಿನ ಬದಲು ಯಂತ್ರ ಒತ್ತುತ್ತದೆ, ಅಷ್ಟೇ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನ ಮೇಲೆಯೇ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸವಾದರೆ ಆ ಪ್ಲೇಟೂ ಸುಡುತ್ತದೆ, ದುರಸ್ತಿಯೂ ದುಬಾರಿ. ನಮ್ಮಲ್ಲಿ ಕಾರಿನ ಲೈಸೆನ್ಸ್ ಎರಡಕ್ಕೂ ಒಂದೇ ಆದರೂ, ಗೇರಿನ ಕಾರು ಕೈಗೆ ಹತ್ತಿದವರಿಗೆ ಆಟೊಮ್ಯಾಟಿಕ್ ಒಂದು ದಿನದ ಮಾತು, ತಿರುಗುಮುರುಗಾದರೆ ಹಾಗಲ್ಲ. ತುರ್ತಿನಲ್ಲಿ ತಂದೆಯ ಗಾಡಿಯನ್ನು ಹೊರತೆಗೆಯಲು ಅವಳಿಗೆ ಬರಬೇಕಾದರೆ ಈಗ ಮ್ಯಾನುಯಲ್ ಇರಲಿ. ನಿಮ್ಮ ಎಡಗಾಲಿಗೇನಾದರೂ ತೊಂದರೆಯಿದ್ದರೆ ಮಾತ್ರ ನಾನು ಅವಳ ಪಕ್ಷ ವಹಿಸುತ್ತೇನೆ.

ಹಂಚಿಕೊಳ್ಳುವ ಕಾರನ್ನು ಒಬ್ಬರೇ ಹೋಗಿ ನೋಡಿಬರಬಾರದು. ಇಬ್ಬರೂ ಸರದಿಯಂತೆ ಕುಳಿತು, ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ತುಸು ಬಾಗಿಯೇ ಇದೆಯೇ, ಸೀಟ್‌ಬೆಲ್ಟ್ ಕತ್ತಿನ ಮೇಲಲ್ಲದೆ ಭುಜದ ಮೇಲೆ ಹಾಯುತ್ತದೆಯೇ, ಬಾನೆಟ್ಟಿನ ಆಚೆಯ ನೆಲ ಎಷ್ಟು ಹತ್ತಿರದಿಂದ ಕಾಣುತ್ತದೆ ಎಂದು ನೋಡಿ. ಇಬ್ಬರ ಎತ್ತರದಲ್ಲಿ ವ್ಯತ್ಯಾಸವಿದ್ದರೆ ಸೀಟನ್ನು ಮೇಲೆ ಕೆಳಗೆ ಮಾಡುವ ಸೌಲಭ್ಯವಿರುವ ಮಾದರಿಯನ್ನೇ ಕೇಳಿ. ಅಲಾಯ್ ಚಕ್ರಕ್ಕೆ ಹಣ ಕೊಡುವುದಕ್ಕಿಂತ ಇದಕ್ಕೆ ಕೊಡುವುದು ಮೇಲು. ಎರಡನೆಯ ಕೀ ಇದೆಯೇ ಎಂದು ಖಂಡಿತ ವಿಚಾರಿಸಿ. ಇಮೊಬಿಲೈಸರ್ ಇರುವ ಕೀಯನ್ನು ಬೀದಿಬದಿಯಲ್ಲಿ ಕೊರೆಸಿದರೆ ಬಾಗಿಲು ತೆಗೆಯಬಹುದೇ ಹೊರತು ಎಂಜಿನ್ ಸ್ಟಾರ್ಟ್ ಆಗದು.

ಗಾಡಿಯನ್ನು ಪರೀಕ್ಷಿಸಲು ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ಯಿರಿ, ಆದರೆ ಕೆಲವನ್ನು ನೀವೇ ನೋಡಬಹುದು. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಒಳತುದಿಯಲ್ಲಿ ಒಣಗಿದ ಕೆಸರಿನ ಗೆರೆ ಕಂಡರೆ ಆ ಕಾರು ನೆರೆನೀರಿನಲ್ಲಿ ನಿಂತಿತ್ತೆಂದು ತಿಳಿಯಿರಿ. ಟೈರಿನ ಅಂಚಿನಲ್ಲಿ 2321 ಎಂಬಂತೆ ನಾಲ್ಕು ಅಂಕಿಗಳಿರುತ್ತವೆ. ಅದರ ಅರ್ಥ 2021ನೆಯ ಇಸವಿಯ 23ನೆಯ ವಾರ. ಕಾರಿಗಿಂತ ಟೈರ್ ಹೊಸದಾಗಿದ್ದು ಮೀಟರ್ ಮಾತ್ರ ಇಪ್ಪತ್ತು ಸಾವಿರ ಕಿಲೋಮೀಟರ್ ತೋರಿಸುತ್ತಿದ್ದರೆ ಸರ್ವಿಸ್ ದಾಖಲೆ ತರಿಸಿ ನೋಡುವುದು ಅಗತ್ಯ. ಏರಿನಲ್ಲಿ ಮೂರನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಅದರ ವೆಚ್ಚವನ್ನು ಬೆಲೆಯಲ್ಲಿ ಕಳೆಯಿರಿ. ಬದಲಾಯಿಸುವುದನ್ನು ಮಾತ್ರ ಮಗಳ ಕಾಲು ಪಳಗುವ ತನಕ ಸಾಧ್ಯವಾದಷ್ಟು ಮುಂದೂಡಿ, ಏಕೆಂದರೆ ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಓಡಿಸುವ ಹೊಸಬರ ಹಾಫ್ ಕ್ಲಚ್ಚಿಗೆ ಹೊಸ ಪ್ಲೇಟೂ ಬೇಗ ಬಲಿಯಾಗುತ್ತದೆ.

ಕಾಗದಪತ್ರದಲ್ಲಿ ಒಂದು ಸೂಕ್ಷ್ಮವಿದೆ. ನಮ್ಮಲ್ಲಿ ಥರ್ಡ್ ಪಾರ್ಟಿ ವಿಮೆಯ ದರ ಎಂಜಿನ್ನಿನ ಸಿಸಿಯನ್ನು ಅವಲಂಬಿಸಿದೆಯೇ ಹೊರತು ಚಾಲಕರ ವಯಸ್ಸನ್ನಲ್ಲ. ಲೈಸೆನ್ಸ್ ಇರುವ ಮಗಳು ಓಡಿಸಿದರೂ ಆ ವಿಮೆ ಅನ್ವಯಿಸುತ್ತದೆ. ಆದರೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿರುವ, ಲೈಸೆನ್ಸ್ ಹೊಂದಿರುವ ಮಾಲೀಕರಿಗೆ ಮಾತ್ರ. ಕಾರು ನಿಮ್ಮ ಹೆಸರಿನಲ್ಲಿರಲಿ, ಮಗಳಿಗೆ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿ. ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಪಡೆದು ಆರ್‌ಸಿ ವರ್ಗಾಯಿಸುವುದರ ಜೊತೆಗೆ, ವಿಮೆಯನ್ನೂ 14 ದಿನಗಳೊಳಗೆ ನಿಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರೊಂದಿಗೇ ಹೋಗುವುದರಿಂದ ಅದರ ವ್ಯತ್ಯಾಸದ ಹಣ ನೀವು ಕಟ್ಟಬೇಕಾಗುತ್ತದೆ. ಸಣ್ಣಪುಟ್ಟ ಗೀರುಗಳಿಗೆ ಕ್ಲೇಮ್ ಮಾಡಬೇಡಿ. ಕ್ಲೇಮಿಲ್ಲದ ಮೊದಲ ವರ್ಷಕ್ಕೆ ಶೇ 20ರಿಂದ ಆರಂಭವಾಗಿ ಐದು ವರ್ಷಗಳಲ್ಲಿ ಶೇ 50ರವರೆಗೆ ಏರುವ ರಿಯಾಯಿತಿ ಒಂದೇ ಕ್ಲೇಮಿಗೆ ಕೈತಪ್ಪುತ್ತದೆ.

ಪ್ರಶ್ನೆ: ಮಗನಿಗೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಬಂದಿದೆ. ಡ್ರೈವಿಂಗ್ ಸ್ಕೂಲಿನ ಜೊತೆಗೆ ನಮ್ಮ ಎರಡನೆಯ ಕಾರಿನಲ್ಲೂ ಅಭ್ಯಾಸ ಮಾಡಿಸಬಹುದೇ? ವಿಮೆ ಸಿಗುತ್ತದೆಯೇ?
ಓದುಗರು, ಹುಬ್ಬಳ್ಳಿ

ಉತ್ತರ: ಮಾಡಿಸಬಹುದು. ಲೈಸೆನ್ಸ್ ಇರುವವರು ಪಕ್ಕದಲ್ಲಿ, ಬೇಕಾದಾಗ ಗಾಡಿಯನ್ನು ನಿಲ್ಲಿಸಲು ಕೈಗೆಟುಕುವಂತೆ ಕುಳಿತಿರಬೇಕು. ಹಿಂದಿನ ಸೀಟಿನಲ್ಲಿ ಕುಳಿತು ಸಲಹೆ ಕೊಟ್ಟರೆ ಸಾಲದು. ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಫಲಕ ಮುಂದೆಯೂ ಹಿಂದೆಯೂ ಇರಬೇಕು. ಈ ಷರತ್ತುಗಳನ್ನು ಪಾಲಿಸಿದ್ದರೆ ವಿಮೆ ಅನ್ವಯಿಸುತ್ತದೆ, ಮೀರಿದ್ದರೆ ಕಂಪನಿ ಕ್ಲೇಮ್ ತಿರಸ್ಕರಿಸಬಹುದು. ಎಲ್‌ಎಲ್ ಆರು ತಿಂಗಳು ಊರ್ಜಿತವಿದ್ದು, 30 ದಿನಗಳ ನಂತರವೇ ಪರೀಕ್ಷೆಗೆ ಹೋಗಬಹುದು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ತರಬೇತುದಾರರ ಕಾಲಡಿಯಲ್ಲೂ ಬ್ರೇಕ್ ಇರುತ್ತದೆ, ನಿಮ್ಮದರಲ್ಲಿ ಇರುವುದಿಲ್ಲ. ಆದ್ದರಿಂದ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟುಕೊಂಡು, ಜನವಿಲ್ಲದ ಬಡಾವಣೆಯಲ್ಲಿ ಬೆಳಗಿನ ಹೊತ್ತು ಆರಂಭಿಸಿ.

ಪ್ರಶ್ನೆ: ಹೆಂಡತಿಗೂ ಹೊಸದಾಗಿ ಕಲಿತ ತಂಗಿಗೂ ಸೇರಿ ಸಿಎನ್‌ಜಿ ಕಾರು ತೆಗೆಯುವುದು ಲಾಭವೇ?
ಓದುಗರು, ಮೈಸೂರು

ಉತ್ತರ: ತಿಂಗಳಿಗೆ ಸಾವಿರ ಕಿಲೋಮೀಟರ್ ದಾಟಿದರೆ ಯೋಚಿಸಿ, ಅದಕ್ಕಿಂತ ಕಡಿಮೆಯಾದರೆ ಬೇಡ. ಸಿಎನ್‌ಜಿ ಮಾದರಿಗೆ ಕೊಡುವ ಹೆಚ್ಚುವರಿ ಹಣ ವಾಪಸ್ ಬರುವುದಕ್ಕೆ ಹಲವು ವರ್ಷ ಬೇಕಾಗುತ್ತದೆ, ಡಿಕ್ಕಿಯ ಬಹುಭಾಗವನ್ನು ಸಿಲಿಂಡರ್ ನುಂಗುತ್ತದೆ. ಒಂದು ಲೀಟರ್ ಎಂಜಿನ್ನಿನ ವ್ಯಾಗನ್‌ಆರ್ ಪೆಟ್ರೋಲ್‌ನಲ್ಲಿ ಸುಮಾರು 67 ಅಶ್ವಶಕ್ತಿ ಕೊಟ್ಟರೆ ಅನಿಲದಲ್ಲಿ 57ರ ಆಸುಪಾಸಿಗೆ ಇಳಿಯುವುದರಿಂದ, ಓವರ್‌ಟೇಕ್ ಮಾಡುವಾಗ ದೂರ ಅಂದಾಜಿಸಲು ಇನ್ನೂ ಕಲಿಯುತ್ತಿರುವ ತಂಗಿಗೆ ಅದು ತೊಡಕಾಗಬಹುದು. ಕೊಳ್ಳುವುದೇ ಆದರೆ ಕಂಪನಿಯೇ ಜೋಡಿಸಿದ ಕಿಟ್ ಇರುವುದನ್ನು ಕೊಳ್ಳಿ. ಹೊರಗೆ ಹಾಕಿಸಿದ ಕಿಟ್ ಆಗಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿದೆಯೇ, ವಿಮಾ ಕಂಪನಿಗೆ ತಿಳಿಸಲಾಗಿದೆಯೇ ಎಂದು ನೋಡಿ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಮಾಡಿಸಬೇಕಾದ ಹೈಡ್ರೊ ಪರೀಕ್ಷೆಯ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ.