ದೇವರ ಸ್ವರ ಅಂತ ಗೊತ್ತಾಗೋದು ಹೇಗೆ?

ಪ್ರಶ್ನೆ: ನಮ್ಮ ಫೆಲೋಶಿಪ್‌ನಲ್ಲಿ ಎಲ್ರೂ "ದೇವರು ನನ್ನ ಹತ್ರ ಮಾತಾಡಿದ್ರು" ಅಂತ ಸಾಕ್ಷಿ ಹೇಳ್ತಾರೆ. ನಾನು 11 ವರ್ಷದಿಂದ ಪ್ರಾರ್ಥನೆ ಮಾಡ್ತಿದ್ದೀನಿ, ಒಂದು ದಿನಾನೂ ಏನೂ ಕೇಳಿಸಿಲ್ಲ. ಈಗ ಒಬ್ರು ಹಿರಿಯರು, ನೀನು ಕೆಲಸ ಬಿಟ್ಟು ಸೇವೆಗೆ ಬರ್ಬೇಕು ಅಂತ ದೇವರು ನನಗೆ ತೋರಿಸಿದ್ದಾರೆ, ಈ ತಿಂಗಳೊಳಗೇ ತೀರ್ಮಾನ ಮಾಡು, ಇಲ್ಲಾಂದ್ರೆ ಅದು ಅವಿಧೇಯತೆ ಅಂತಿದ್ದಾರೆ. ಏನ್ ಮಾಡ್ಲಿ?

ಉತ್ತರ: ಮೊದಲು ಆ 11 ವರ್ಷದ ವಿಷ್ಯ. ಕೇಳಿಸಿಲ್ಲ ಅಂದ್ರೆ ನಿಮ್ಮ ನಂಬಿಕೆ ಕಮ್ಮಿ ಅಂತ ಅಂದ್ಕೋಬೇಡಿ. ಬೈಬಲ್‌ನಲ್ಲಿ 1 ಸಮುವೇಲ 3ನೇ ಅಧ್ಯಾಯ ತೆಗೆದು ನಿಧಾನಕ್ಕೆ ಓದಿ. ಹುಡುಗ ಸಮುವೇಲ ದೇವರ ಮಂಜೂಷದ (ಒಡಂಬಡಿಕೆಯ ಪವಿತ್ರ ಪೆಟ್ಟಿಗೆ) ಹತ್ರಾನೇ ಮಲಗಿದ್ದ, ದೇವರು ಹೆಸರು ಹಿಡಿದು ಕರೆದ್ರು, ಆದ್ರೂ ಅವನಿಗೆ ಗೊತ್ತಾಗಲಿಲ್ಲ, ಯಾಜಕ ಏಲಿ ಕರೆದ್ರು ಅಂದ್ಕೊಂಡು ಎದ್ದು ಓಡಿದ, ಹಾಗೆ ಮೂರು ಸಲ. ಮೂರನೇ ಸಲ, ಕಣ್ಣು ಮಂಜಾಗಿದ್ದ ಆ ಮುದುಕ ಏಲಿಗೆ ಹೊಳೀತು, ಇದು ಯೆಹೋವನ ಕರೆ ಅಂತ. ಏಲಿ ಮಾಡಿದ್ದು ಇಷ್ಟೇ: ಹೋಗಿ ಮಲಗು, ಮತ್ತೆ ಕರೆದ್ರೆ ಹೀಗೆ ಉತ್ತರ ಕೊಡು ಅಂತ ಹೇಳಿ ಹುಡುಗನನ್ನ ದೇವರ ಮುಂದೆ ವಾಪಸ್ ಕಳಿಸಿದ. ದೇವರು ಹೇಳಿದ್ದನ್ನ ಹುಡುಗನಿಗಿಂತ ಮುಂಚೆ ತಾನೇ ಹೇಳೋಕೆ ಹೋಗಲಿಲ್ಲ. ನಿಮ್ಮ ಹಿರಿಯರ ಮಾತನ್ನೂ ಇದರ ಪಕ್ಕದಲ್ಲಿಟ್ಟು ನೋಡಿ.

ಅವರು ಸುಳ್ಳು ಹೇಳ್ತಿದ್ದಾರೆ ಅಂತ ನಾನು ಹೇಳ್ತಿಲ್ಲ. ಪೌಲ 1 ಥೆಸಲೋನಿಕ 5ರಲ್ಲಿ ಪ್ರವಾದನೆಯನ್ನ ಹೀನೈಸಬೇಡಿ ಅಂತಾನೆ, ಅದ್ರ ಬೆನ್ನಿಗೇ ಎಲ್ಲವನ್ನೂ ಪರೀಕ್ಷೆ ಮಾಡಿ ಅಂತಾನೆ. ಪರೀಕ್ಷೆ ಮಾಡೋದು ಅವಿಧೇಯತೆ ಆಗಲ್ಲ. ವಾಕ್ಯ ತೋರಿಸಿಬಿಟ್ರೂ ಸಾಕಾಗಲ್ಲ, ಮತ್ತಾಯ 4ರಲ್ಲಿ ಸೈತಾನನೂ ಕೀರ್ತನೆಯ ಮಾತನ್ನೇ ಹೇಳಿ ಯೇಸುವನ್ನ ಶೋಧಿಸಿದ, ಹಾಗಾಗಿ ಆ ಮಾತು ಯೇಸುವಿನ ಸ್ವಭಾವಕ್ಕೆ ಒಪ್ಪುತ್ತಾ ಅಂತಾನೂ ನೋಡ್ಬೇಕು.

ನಾನೊಂದ್ಸಲ ಸಭೆಯ ಒಬ್ರಿಗೆ ರಾತ್ರಿ ಎರಡು ಗಂಟೆಗೆ ಎದ್ದು ನಾಲ್ಕು ಪುಟ ಕಾಗದ ಬರೆದೆ, ದೇವರೇ ಬರೆಸ್ತಿದ್ದಾರೆ ಅಂತ ಪೂರ್ತಿ ನಂಬಿದ್ದೆ, ಎದೆ ಹೊಡ್ಕೊಳ್ತಿತ್ತು, ಬೆಳಿಗ್ಗೇನೇ ಕೊಡ್ಬೇಕು ಅನ್ನೋ ಆತುರ. ಪ್ರಾರ್ಥನೆಯಲ್ಲಿ ಜೊತೆಯಾಗೋ ಅಕ್ಕ ಒಬ್ರು, ಮೂರು ವಾರ ಡ್ರಾಯರ್‌ನಲ್ಲಿ ಇಡು ಅಂದ್ರು. ಆಮೇಲೆ ತೆಗೆದು ಓದಿದ್ರೆ ಸಾಲುಸಾಲಿಗೂ "ನನಗೆ", "ನನ್ನನ್ನ", ಆ ಮನುಷ್ಯನ ಮೇಲೆ ಒಂದು ಹನಿ ಪ್ರೀತಿ ಇರಲಿಲ್ಲ. ಅವತ್ತಿಂದ ಆತುರ ಮತ್ತು ಭಯ ಎರಡೂ ಸೇರಿ ನನ್ನನ್ನ ತಳ್ತಿದ್ರೆ ನಾನು ನಿಂತುಬಿಡ್ತೀನಿ. ಮುಂದೆ ಜೆಸ್ವಿಟ್ ಸಂಘ ಕಟ್ಟಿದ ಸಂತ, ಲೊಯೋಲಾದ ಇಗ್ನೇಷಿಯಸ್, 1521ರಲ್ಲಿ ಕಾಲಿಗೆ ಗುಂಡು ಬಿದ್ದು ಹಾಸಿಗೆ ಹಿಡಿದಿದ್ದಾಗ ಗಮನಿಸಿದ್ದೂ ಇಂಥದ್ದೇ: ಕೆಲವು ಯೋಚನೆ ಆ ಕ್ಷಣಕ್ಕೆ ಖುಷಿ ಕೊಟ್ಟು ಆಮೇಲೆ ಮನಸ್ಸನ್ನ ಒಣಗಿಸ್ತಿತ್ತು, ಕೆಲವು ಹೋದ್ಮೇಲೂ ಸಮಾಧಾನ ಉಳಿಸ್ತಿತ್ತು.

ಆ ಹಿರಿಯರಿಗೆ ಮರ್ಯಾದೆಯಿಂದಲೇ ಹೇಳಿ, ನಿಮ್ಮ ಮಾತನ್ನ ಪ್ರಾರ್ಥನೆಯಲ್ಲಿ ಇಟ್ಟಿದ್ದೀನಿ, ತಿಂಗಳ ಗಡುವು ಮಾತ್ರ ಒಪ್ಪಲ್ಲ ಅಂತ. ರಾಜೀನಾಮೆ ಈಗ ಬರೀಬೇಡಿ. ನಿಮ್ಮನ್ನ ಚೆನ್ನಾಗಿ ಬಲ್ಲ, ಈ ತೀರ್ಮಾನದಿಂದ ಯಾವ ಲಾಭಾನೂ ಇಲ್ಲದ ಇಬ್ಬರ ಹತ್ರ ಕೂತು ಮಾತಾಡಿ. ರಾತ್ರಿ ಮಲಗೋ ಮುಂಚೆ ಸಮುವೇಲನ ಮಾತನ್ನೇ ಹೇಳಿ, "ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಾನೆ" ಅಂತ, ಹೇಳಿ ಸ್ವಲ್ಪ ಹೊತ್ತು ಸುಮ್ನೆ ಇರಿ. ಏನಾಯ್ತು ಅಂತ ನನಗೆ ಬರೀರಿ, ನಿಮಗೋಸ್ಕರ ನಾನೂ ಪ್ರಾರ್ಥನೆ ಮಾಡ್ತಿರ್ತೀನಿ.