ನಿರ್ಮಾಪಕರ ಕೆಲಸ ದುಡ್ಡು ಹಾಕುವುದಷ್ಟೇನಾ? ರೋಜರ್ ಕಾರ್ಮನ್ ಕಥೆ ಕೇಳಿ

ನೀವು ಕೇಳಿದ್ದು ಇಷ್ಟು: ‘ಹಾಲಿವುಡ್‌ನಲ್ಲಿ ದೊಡ್ಡ ಬಂಡವಾಳ ಇಲ್ಲದೆ ಗೆದ್ದ ನಿರ್ಮಾಪಕರು ಇದ್ದಾರಾ? ಅಸಲಿಗೆ ದುಡ್ಡು ಹಾಕುವುದು ಬಿಟ್ಟು ನಿರ್ಮಾಪಕರಿಗೆ ಬೇರೆ ಏನು ಕೆಲಸ?’

ನಾನು ನಾಲ್ಕು ವರ್ಷ ಧಾರಾವಾಹಿಗಳ ಪ್ರೊಡಕ್ಷನ್ ವಿಭಾಗದಲ್ಲಿದ್ದೆ. ದಿನದ ಖರ್ಚಿನ ಲೆಕ್ಕ ಬರೆಯುತ್ತಿದ್ದೆ. ಮಳೆ ಬಂದು ಅರ್ಧ ದಿನ ಶೂಟಿಂಗ್ ನಿಂತರೂ ಕ್ಯಾಮೆರಾ ಬಾಡಿಗೆ, ಜನರೇಟರ್ ಡೀಸೆಲ್, ಊಟ ಯಾವುದೂ ನಿಲ್ಲುವುದಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ನೆನಪಾದ ಹೆಸರು ರೋಜರ್ ಕಾರ್ಮನ್. ನಮ್ಮಲ್ಲಿ ನಿರ್ಮಾಪಕರನ್ನು ಅನ್ನದಾತರು ಅಂತ ಕರೆಯುತ್ತೇವೆ ಅಲ್ವಾ? ಕಾರ್ಮನ್ ಕೊಟ್ಟ ಸಂಬಳ ತುಂಬಾ ಕಡಿಮೆ. ಆದರೂ ಆ ಹೆಸರು ಅವರಿಗೆ ಒಪ್ಪುತ್ತದೆ. ಯಾಕೆ ಅಂತ ಹೇಳುತ್ತೇನೆ.

ಕಾರ್ಮನ್ 1926ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದವರು. ತಂದೆ ಎಂಜಿನಿಯರ್. ಮಗನೂ ಸ್ಟ್ಯಾನ್‌ಫರ್ಡ್‌ನಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಓದಿದರು. ಎಲೆಕ್ಟ್ರಿಕ್ ಮೋಟರ್ ಕಂಪನಿಯೊಂದರಲ್ಲಿ ಸೋಮವಾರ ಕೆಲಸಕ್ಕೆ ಸೇರಿ ಗುರುವಾರ ಬಿಟ್ಟರು. ಆಮೇಲೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋದಲ್ಲಿ ಟಪಾಲು ಹಂಚುವ ಕೆಲಸ, ವಾರಕ್ಕೆ 32.50 ಡಾಲರ್. ಅಲ್ಲಿಂದ ಮೇಲೇರಿ ಸ್ಕ್ರಿಪ್ಟ್ ಓದಿ ಅಭಿಪ್ರಾಯ ಬರೆಯುವ ಮೇಜಿಗೆ ಬಂದರು. ‘ದಿ ಗನ್‌ಫೈಟರ್’ ಸಿನಿಮಾಕ್ಕೆ ಅವರು ಕೊಟ್ಟ ಕೆಲವು ಸಲಹೆಗಳನ್ನು ಬಳಸಿಕೊಂಡರು, ಹೆಸರು ಮಾತ್ರ ಬರಲಿಲ್ಲ. ಮನಸ್ಸಿಗೆ ನೋವಾಗಿ ಅದನ್ನೂ ಬಿಟ್ಟರು. ಕೆಲ ಕಾಲ ಆಕ್ಸ್‌ಫರ್ಡ್‌ಗೆ ಹೋಗಿ ಇಂಗ್ಲಿಷ್ ಸಾಹಿತ್ಯ ಓದಿ ಬಂದು, ಒಂದು ಸ್ಕ್ರಿಪ್ಟ್ ಬರೆದು ಮಾರಿದರು.

ಆ ದುಡ್ಡಿಗೆ ಇನ್ನಷ್ಟು ಸೇರಿಸಿಕೊಂಡು 1954ರಲ್ಲಿ ಮೊದಲ ಸಿನಿಮಾ ನಿರ್ಮಿಸಿದರು. ಸಮುದ್ರದ ತಳದಲ್ಲಿರುವ ರಾಕ್ಷಸ ಪ್ರಾಣಿಯ ಕಥೆ. ಕೈಯಲ್ಲಿದ್ದ ನಗದು ಸುಮಾರು 12 ಸಾವಿರ ಡಾಲರ್, ಶೂಟಿಂಗ್ ಆರು ದಿನ. ಕಥೆಗೆ ಜಲಾಂತರ್ಗಾಮಿ ಬೇಕು. ಕೊಳ್ಳುವುದಕ್ಕೆ ದುಡ್ಡೆಲ್ಲಿ? ಒಂದು ಕಂಪನಿ ಒಬ್ಬರೇ ಕೂರುವ ಪುಟ್ಟ ಜಲಾಂತರ್ಗಾಮಿ ಮಾಡಿದೆ ಎಂದು ಪೇಪರಿನಲ್ಲಿ ಓದಿದ್ದರು. ಫೋನ್ ಮಾಡಿ ಕೇಳಿದರು. ಸಿನಿಮಾದಲ್ಲಿ ತೋರಿಸಿದರೆ ನಿಮಗೂ ಪ್ರಚಾರ ಸಿಗುತ್ತದೆ ಅಂದರು. ಪುಕ್ಕಟೆ ಸಿಕ್ಕಿತು!

ಎರಡನೆಯ ಸಿನಿಮಾದ ಹೊತ್ತಿಗೆ ಒಂದು ಕಷ್ಟ ಅರ್ಥವಾಗಿತ್ತು. ಸಿನಿಮಾ ಮುಗಿಸಿ, ಬಿಡುಗಡೆ ಮಾಡಿ, ಹಾಕಿದ ದುಡ್ಡು ವಾಪಸ್ ಬರುವಷ್ಟರಲ್ಲಿ ತಿಂಗಳುಗಟ್ಟಲೆ ಸುಮ್ನೆ ಕೂರಬೇಕು. ಸಣ್ಣ ನಿರ್ಮಾಪಕರು ಸೋಲುವುದು ಹೆಚ್ಚಾಗಿ ಇಲ್ಲೇ. ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಸಿದ್ಧವಾದಾಗ ದೊಡ್ಡ ಕಂಪನಿಗಳು ಕೊಳ್ಳಲು ಬಂದವು. ಕಾರ್ಮನ್ ಕೊಡಲಿಲ್ಲ. ಆಗಷ್ಟೇ ಶುರುವಾಗುತ್ತಿದ್ದ ಒಂದು ವಿತರಣಾ ಸಂಸ್ಥೆಯ ಹತ್ತಿರ ಹೋಗಿ, ‘ಈ ಸಿನಿಮಾ ತಗೊಳ್ಳಿ, ಆದರೆ ಮುಂದಿನ ಸಿನಿಮಾಗಳಿಗೆ ಈಗಲೇ ಮುಂಗಡ ಕೊಡಿ’ ಎಂಬ ಷರತ್ತು ಹಾಕಿದರು. ಆ ಸಂಸ್ಥೆಯೇ ಮುಂದೆ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಆಯಿತು. ಕಾರ್ಮನ್ ವರ್ಷಕ್ಕೆ ಹಲವು ಸಿನಿಮಾ ಮಾಡತೊಡಗಿದರು. ನನ್ನ ಪ್ರಕಾರ ಅವರ ಇಡೀ ಬದುಕಿನ ದೊಡ್ಡ ತೀರ್ಮಾನ ಇದೇ. (2001ರಲ್ಲಿ ಬಂದ ಕಾರ್ ರೇಸ್ ಸಿನಿಮಾಕ್ಕೆ ಈ ಹೆಸರನ್ನು ಅವರಿಂದಲೇ ಪಡೆದುಕೊಂಡರು. ಕಥೆ ಬೇರೆ.)

ಈಗ 1960ರ ‘ದಿ ಲಿಟ್ಲ್ ಶಾಪ್ ಆಫ್ ಹಾರರ್ಸ್’ ಬಗ್ಗೆ ಹೇಳಲೇಬೇಕು. ಬೇರೆ ಸಿನಿಮಾಕ್ಕೆ ಹಾಕಿದ್ದ ಸೆಟ್ ಇನ್ನೂ ನಿಂತಿತ್ತು. ಅದನ್ನು ಕೆಡವುವ ಮೊದಲು ಅಲ್ಲೇ ಇನ್ನೊಂದು ಸಿನಿಮಾ ತೆಗೆಯಬಹುದಾ ಎಂದು ಯೋಚಿಸಿದರು. ಚಾರ್ಲ್ಸ್ ಗ್ರಿಫಿತ್ ಸ್ಕ್ರಿಪ್ಟ್ ಬರೆದರು: ಹೂವಿನ ಅಂಗಡಿ, ಮನುಷ್ಯರನ್ನು ತಿನ್ನುವ ಗಿಡ. ನಟರಿಗೆ ಮೊದಲೇ ತಾಲೀಮು ಮಾಡಿಸಿ, ಎರಡು ದಿನ ಒಂದು ರಾತ್ರಿಯಲ್ಲಿ ಮುಖ್ಯ ಶೂಟಿಂಗ್ ಮುಗಿಸಿದರು. ಖರ್ಚು ಸುಮಾರು 30 ಸಾವಿರ ಡಾಲರ್. ಹಲ್ಲಿನ ಡಾಕ್ಟರ ಹತ್ತಿರ ನೋವು ಬೇಕು ಅಂತಲೇ ಬರುವ ರೋಗಿಯ ಪಾತ್ರದಲ್ಲಿ ಒಬ್ಬ ಹುಡುಗ ಇದ್ದಾನೆ. ಅವನೇ ಮುಂದೆ ದೊಡ್ಡ ನಟನಾದ ಜ್ಯಾಕ್ ನಿಕಲ್ಸನ್. ಎರಡು ದಿನ ಅಂದರೆ ಏನು ಅಂತ ಸೆಟ್‌ನಲ್ಲಿ ನಿಂತವರಿಗೆ ಗೊತ್ತು. ಲೈಟಿಂಗ್ ಬದಲಾಯಿಸಲೇ ಅರ್ಧ ದಿನ ಹೋಗುತ್ತದೆ.

ಉಳಿದದ್ದನ್ನು ಎಸೆಯುವ ಅಭ್ಯಾಸವೇ ಅವರಿಗೆ ಇರಲಿಲ್ಲ. ಭಯಾನಕ ಕಥೆಗಳಿಗೆ ಹೆಸರಾದ ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ ಅವರ ಕಥೆಗಳನ್ನು ಆಧರಿಸಿದ ಸಿನಿಮಾಗಳಿಗಾಗಿ ಒಂದು ಹಳೆಯ ಕೊಟ್ಟಿಗೆಗೆ ಬೆಂಕಿ ಹಚ್ಚಿ ಶೂಟ್ ಮಾಡಿದರು. ಅದೇ ಬೆಂಕಿ ಮುಂದಿನ ಸಿನಿಮಾಗಳಲ್ಲೂ ಮತ್ತೆ ಮತ್ತೆ ಉರಿಯಿತು. ಯುರೋಪಿನಲ್ಲಿ ಒಂದು ರೇಸಿಂಗ್ ಸಿನಿಮಾ ಮುಗಿದಾಗ ಸ್ವಲ್ಪ ಹಣ ಉಳಿದಿತ್ತು. ಅಲ್ಲಿ ಸೌಂಡ್ ಕೆಲಸ ಮಾಡುತ್ತಿದ್ದ ಹುಡುಗ, ನನಗೆ ಒಂದು ಸಿನಿಮಾ ಮಾಡಲು ಬಿಡಿ ಎಂದು ಕೇಳಿದ. ಕಾರ್ಮನ್ ಬಿಟ್ಟರು. ಆ ಹುಡುಗ ಐರ್ಲೆಂಡಿನಲ್ಲಿ ‘ಡಿಮೆನ್ಷಿಯಾ 13’ ಮಾಡಿಕೊಂಡು ಬಂದ. ಹೆಸರು ಫ್ರಾನ್ಸಿಸ್ ಫೋರ್ಡ್ ಕೊಪೊಲಾ, ಮುಂದೆ ‘ಗಾಡ್‌ಫಾದರ್’ ಮಾಡಿದವರು. ಇನ್ನೊಮ್ಮೆ ಹಿರಿಯ ನಟ ಬೋರಿಸ್ ಕಾರ್ಲೋಫ್ ಎರಡು ದಿನದ ಕೆಲಸ ಬಾಕಿ ಇಟ್ಟಿದ್ದರು. ಆ ಎರಡು ದಿನವನ್ನು ಹೊಸ ನಿರ್ದೇಶಕ ಪೀಟರ್ ಬಾಗ್ಡನೋವಿಚ್ ಕೈಗೆ ಕೊಟ್ಟು, ಇದರಲ್ಲಿ ಸಿನಿಮಾ ಮಾಡು ಅಂದರು. ಅದು 1968ರ ‘ಟಾರ್ಗೆಟ್ಸ್’.

ಮುಂದೆ ದೊಡ್ಡ ನಿರ್ದೇಶಕರಾದ ಮಾರ್ಟಿನ್ ಸ್ಕಾರ್ಸೆಸಿ, ಜೊನಾಥನ್ ಡೆಮಿ, ರಾನ್ ಹೊವಾರ್ಡ್ ಕೂಡ ಶುರುವಿನಲ್ಲಿ ಇವರ ಹತ್ತಿರ ಸಿನಿಮಾ ಮಾಡಿದವರೇ. ಜೇಮ್ಸ್ ಕ್ಯಾಮರೂನ್ ಇವರಲ್ಲಿ ಮಾಡೆಲ್ ಕಟ್ಟುತ್ತಿದ್ದರು. ಗೇಲ್ ಆನ್ ಹರ್ಡ್ ಇವರ ಸಹಾಯಕಿಯಾಗಿದ್ದರು. ಅವರಿಬ್ಬರು ಸೇರಿಯೇ 1984ರಲ್ಲಿ ‘ದಿ ಟರ್ಮಿನೇಟರ್’ ಮಾಡಿದ್ದು. ಹೆಣ್ಣುಮಕ್ಕಳಿಗೆ ದೊಡ್ಡ ಸ್ಟುಡಿಯೋಗಳು ಅವಕಾಶ ಕೊಡದ ಕಾಲದಲ್ಲಿ ಇವರು ಕೊಟ್ಟರು. ಆದರೆ ಇದನ್ನೂ ಹೇಳಬೇಕು: ಎಪ್ಪತ್ತರ ದಶಕದ ಅವರ ಹಲವು ಸಿನಿಮಾಗಳಲ್ಲಿ ಹೆಣ್ಣಿನ ಮೈ ತೋರಿಸುವುದು ವ್ಯಾಪಾರದ ಸೂತ್ರವೇ ಆಗಿತ್ತು. ಅವು ನನಗೆ ಇಷ್ಟವಿಲ್ಲ, ನೋಡಿ ಅಂತ ಹೇಳುವುದೂ ಇಲ್ಲ.

1970ರಲ್ಲಿ ತಮ್ಮದೇ ನ್ಯೂ ವರ್ಲ್ಡ್ ಪಿಕ್ಚರ್ಸ್ ಶುರು ಮಾಡಿದರು. ಅಗ್ಗದ ಆಕ್ಷನ್ ಸಿನಿಮಾ ಮಾಡುತ್ತಿದ್ದ ಅದೇ ಕಂಪನಿ ಸ್ವೀಡನ್ನಿನ ಬರ್ಗ್‌ಮನ್, ಇಟಲಿಯ ಫೆಲಿನಿ, ಜಪಾನಿನ ಕುರೊಸಾವಾ ಅವರಂಥ ದೊಡ್ಡ ನಿರ್ದೇಶಕರ ಸಿನಿಮಾಗಳನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಿತು. ಬರ್ಗ್‌ಮನ್ ಸಿನಿಮಾವನ್ನು ಕಾರಿನಲ್ಲಿ ಕೂತು ನೋಡುವ ಡ್ರೈವ್-ಇನ್‌ಗೂ ಹಾಕಿದರು. 1983ರಲ್ಲಿ ಕಂಪನಿಯನ್ನು ಮಾರಿದರು, 1.65 ಕೋಟಿ ಡಾಲರ್‌ಗೆ. ಅಲ್ಲಿಗೂ ನಿಲ್ಲದೆ ಮತ್ತೊಂದು ಕಂಪನಿ ಕಟ್ಟಿದರು.

ನೂರು ಸಿನಿಮಾ ಮಾಡಿ ಒಂದು ಕಾಸೂ ಕಳೆದುಕೊಳ್ಳಲಿಲ್ಲ ಎಂದು ತಮ್ಮ ಆತ್ಮಕಥೆಗೇ ಹೆಸರಿಟ್ಟವರು ಅವರು. ಆದರೆ ಒಂದರಲ್ಲಿ ಕಳೆದುಕೊಂಡಿದ್ದರು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಅದನ್ನು ತಿಳಿದ ಮೇಲೆ. 1962ರ ‘ದಿ ಇಂಟ್ರೂಡರ್’. ಬಿಳಿಯರ ಶಾಲೆಗೆ ಕಪ್ಪು ಮಕ್ಕಳು ಸೇರುವಾಗ ಊರಿಗೆ ಬಂದು ದ್ವೇಷ ಹಚ್ಚುವ ಒಬ್ಬನ ಕಥೆ. ಆ ಪಾತ್ರ ಮಾಡಿದ್ದು ವಿಲಿಯಂ ಶಾಟ್ನರ್. ಯಾರೂ ಪೂರ್ತಿ ಬಂಡವಾಳ ಹಾಕಲು ಒಪ್ಪದಿದ್ದಾಗ ಕಾರ್ಮನ್ ಮತ್ತು ಅವರ ತಮ್ಮ ಜೀನ್ ಸ್ವಂತ ದುಡ್ಡು ಹಾಕಿದರು. ಮಿಸೌರಿಯ ಸಣ್ಣ ಊರುಗಳಲ್ಲಿ, ಸ್ಥಳೀಯರನ್ನೇ ನಟರಾಗಿ ಹಾಕಿಕೊಂಡು ತೆಗೆದರು. ಕಥೆ ಏನು ಅಂತ ಗೊತ್ತಾಗುತ್ತಿದ್ದಂತೆ ಬೆದರಿಕೆಗಳು ಬಂದವು. ಕೆಲವು ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಓಡಬೇಕಾಯಿತು. ವಿಮರ್ಶಕರು ಹೊಗಳಿದರು, ಜನ ಬರಲಿಲ್ಲ. ಲೆಕ್ಕದಲ್ಲಿ ಅಷ್ಟು ಬಿಗಿ ಇದ್ದ ಮನುಷ್ಯ ಲೆಕ್ಕ ಬಿಟ್ಟು ಮಾಡಿದ ಸಿನಿಮಾ ಅದು.

ಶಿಷ್ಯರು ಅವರನ್ನು ಮರೆಯಲಿಲ್ಲ. ‘ಗಾಡ್‌ಫಾದರ್’ ಎರಡನೇ ಭಾಗದಲ್ಲಿ ಕೊಪೊಲಾ ಅವರು ಕಾರ್ಮನ್‌ಗೆ ಸೆನೆಟರ್ ಪಾತ್ರ ಕೊಟ್ಟರು. ಡೆಮಿ ಅವರು ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ನಲ್ಲಿ ಎಫ್‌ಬಿಐ ಮುಖ್ಯಸ್ಥರ ಪಾತ್ರ ಕೊಟ್ಟರು. 2009ರಲ್ಲಿ ಗೌರವ ಆಸ್ಕರ್ ಬಂತು. 2024ರ ಮೇ ತಿಂಗಳಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ನೋಡಬೇಕು ಅನ್ನಿಸಿದರೆ ‘ಲಿಟ್ಲ್ ಶಾಪ್’ನಿಂದ ಶುರು ಮಾಡಿ. ಅದರ ಹಕ್ಕು ಈಗ ಯಾರ ಬಳಿಯೂ ಇಲ್ಲ, ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಒಂದೂಕಾಲು ಗಂಟೆಯೂ ಇಲ್ಲ. ಮರುದಿನ ‘ದಿ ಇಂಟ್ರೂಡರ್’ ನೋಡಿ. ಎರಡನ್ನೂ ಮಾಡಿದ್ದು ಒಬ್ಬರೇ ಅಂತ ನಂಬುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕಾಗಿತ್ತು.